ಮೂವತ್ತು ಸೆಕೆಂಡಿಗೊಂದು ಬೀಪ್

ಬೋರೇಶನ ಬಲಗಿವಿಯಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬೀಪ್ ಎನ್ನುತ್ತಿತ್ತು. ಬೀಪ್ ಎಂದಾಗ ತಲೆ ಎತ್ತಿ ಕೋತಿಯನ್ನು ನೋಡಬೇಕು, ಆ ಕ್ಷಣಕ್ಕೆ ಅದು ಏನು ಮಾಡುತ್ತಿದೆಯೋ ಅದನ್ನು ಹಾಳೆಯಲ್ಲಿ ಬರೆಯಬೇಕು. ತಿನ್ನುತ್ತಿದೆ, ಹೇನು ಹೆಕ್ಕುತ್ತಿದೆ, ಕೂತಿದೆ, ಮಲಗಿದೆ. ಎರಡು ಬೀಪ್‌ಗಳ ನಡುವೆ ಏನೇ ನಡೆದರೂ ಲೆಕ್ಕಕ್ಕಿಲ್ಲ. ನೋಡುವವನು ಇಷ್ಟ ಬಂದಾಗ ನೋಡಿದರೆ ಅವನಿಗೆ ಇಷ್ಟ ಬಂದದ್ದೇ ಕಾಣುತ್ತದೆ, ಅದಕ್ಕೇ ಈ ನಿಯಮ ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು. ಬೀಪ್ ಕಿವಿಯೊಳಗೇ ಆಗಬೇಕು, ಹೊರಗೆ ಕೇಳಬಾರದು. ಹಿಂದೊಮ್ಮೆ ಹೊಸಬನೊಬ್ಬ ಕಿವಿಯ ತಂತಿ ಹಾಕಿಕೊಳ್ಳದೆ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಒಂದು ವಾರ ಕೂತಿದ್ದ. ಕೋತಿಗಳು ಬೀಪ್ ಎಂದ ಕೂಡಲೇ ಅವನ ಕಡೆ ತಿರುಗತೊಡಗಿದವು. ಆ ವಾರದ ಹಾಳೆಗಳನ್ನೆಲ್ಲ ಹರಿದು ಹಾಕಬೇಕಾಯಿತು.

ಇವತ್ತು ಅವನ ಮುಂದಿದ್ದದ್ದು ನಾಲ್ಕನೇ ಆವರಣದ ಕೆ-೨೭. ಅವಳ ಮರಿ ಬೆಳಿಗ್ಗೆ ಸತ್ತಿತ್ತು. ಹನ್ನೆರಡು ದಿನದ ಮರಿ, ಹುಟ್ಟುವಾಗಿನ ಕಪ್ಪು ಕೂದಲು ಇನ್ನೂ ಹೋಗಿರಲಿಲ್ಲ. ತಾಯಿ ಅದನ್ನು ಒಂದು ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು ಮೂರೇ ಕಾಲಲ್ಲಿ ಕುಂಟುತ್ತ ಓಡಾಡುತ್ತಿದ್ದಳು. ಹಿಂದೆಲ್ಲ ಇದು ಐದು ದಿನ, ಎಂಟು ದಿನ, ಒಮ್ಮೆ ಹತ್ತೊಂಬತ್ತು ದಿನ ನಡೆದದ್ದುಂಟು. ಮರಿ ಒಣಗಿ ಚಪ್ಪಲಿಯ ತೊಗಲಿನಂತಾದರೂ ತಾಯಿ ಬಿಡುತ್ತಿರಲಿಲ್ಲ. ಈಗ ಹಾಗಿಲ್ಲ. ಹತ್ತು ಗಂಟೆಗೆ ಅವಳನ್ನು ಸಣ್ಣ ಪಂಜರಕ್ಕೆ ಕರೆದುಕೊಂಡು ಮೂಗಿಗೆ ಎರಡು ಸಲ ಔಷಧ ಚಿಮುಕಿಸಿದರು. ಹನ್ನೊಂದು ನಲವತ್ತಕ್ಕೆ ಅವಳು ಮರಿಯನ್ನು ಸಿಮೆಂಟು ಕಟ್ಟೆಯ ಮೇಲಿಟ್ಟು, ತನ್ನ ಕೈಯನ್ನೊಮ್ಮೆ ಮೂಸಿ ನೋಡಿ, ನೆನೆಸಿದ ಕಡಲೆಯ ತಟ್ಟೆಯ ಕಡೆ ಹೋದಳು. ಬೀಪ್. ಬೋರೇಶ ‘ಬಿಟ್ಟಳು’ ಎಂದು ಬರೆದು ಸಮಯ ಹಾಕಿದ. ಹಾಳೆಯ ಕೊನೆಯ ಸಾಲು ಅದೇ. ಅದನ್ನು ತುಂಬಿದರೆ ಆ ಕೋತಿಯ ಕಡತ ಮುಗಿಯಿತು.

ಉದ್ದನೆಯ ಇಕ್ಕಳದಲ್ಲಿ ಮರಿಯನ್ನೆತ್ತಿ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಶೀತಪೆಟ್ಟಿಗೆಯಲ್ಲಿಟ್ಟು ಬಂದು ಊಟಕ್ಕೆ ಕೂತ. ಚಿತ್ರಾನ್ನ. ಉಪ್ಪು ಕಡಿಮೆ ಅನ್ನಿಸಿತು. ಅಷ್ಟು ಮಾತ್ರ ಅನ್ನಿಸಿತು.

ಚಳ್ಳಕೆರೆಯಾಚೆ ಬಂಡೆಗುಡ್ಡದ ಬುಡದಲ್ಲಿದ್ದ ಆ ಸಂಶೋಧನಾ ಕೇಂದ್ರದಲ್ಲಿ ನೂರಹತ್ತು ಕೋತಿಗಳಿದ್ದವು. ನಡುನೆತ್ತಿಯಲ್ಲಿ ಬೈತಲೆ ತೆಗೆದಂತೆ ಕೂದಲಿರುವ, ಊರೂರಿನ ತಾರಸಿಗಳ ಮೇಲೆ ಹಪ್ಪಳ ಕದಿಯುವ ಅವೇ ಕೋತಿಗಳು. ಮರಿಯ ವಾಸನೆ, ಮರಿಯ ಮೈಬಿಸಿ, ಮರಿಯ ಕೂಗು ಮೂರೂ ತಾಯಿಯ ಮೆದುಳಿನಲ್ಲಿ ಕಡಲೆಕಾಳಿನಷ್ಟು ಚಿಕ್ಕದೊಂದು ಗಂಟಿಗೆ ಬಂದು ಸೇರುತ್ತವೆ, ಆ ಗಂಟು ‘ಹಿಡಿದುಕೋ’ ಎನ್ನುತ್ತದೆ, ಹಿಡಿದುಕೊಳ್ಳಲು ಏನೂ ಉಳಿಯದಿದ್ದಾಗಲೂ ಅದು ಹಾಗೆ ಹೇಳುತ್ತಲೇ ಇರುವುದಕ್ಕೆ ನಾವು ದುಃಖವೆನ್ನುತ್ತೇವೆ ಎಂಬುದು ಇಲ್ಲಿನ ಶೋಧ. ಮೂಗಿನಿಂದ ಹೋದ ಔಷಧ ಆ ಗಂಟನ್ನು ಸಡಿಲ ಮಾಡುತ್ತಿತ್ತು. ಮತ್ತೆ ಹೆತ್ತಾಗ ಅದು ತಾನಾಗಿಯೇ ಬಿಗಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ನಂಬಲು ಕಾರಣಗಳೂ ಇದ್ದವು.

ಅದೇ ಔಷಧ ‘ನಿರಾಳ’ ಎಂಬ ಹೆಸರಲ್ಲಿ ಜನರಿಗೆ ಬಂದು ಎರಡು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಶವಾಗಾರದ ಪಕ್ಕದ ಕಿಟಕಿಯಲ್ಲೇ ಕೊಡುತ್ತಿದ್ದರು. ಮರಣಪತ್ರದ ಪ್ರತಿ ತೋರಿಸಿದರೆ ಮೂಗಿಗೆ ಎರಡು ಸಲ. ಜನ ಬೇಗ ಹೊಂದಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮೂರನೇ ದಿನಕ್ಕೆ ಬಂತು, ಅಡುಗೆಯವರಿಗೂ ಅದೇ ಅನುಕೂಲವಾಯಿತು. ಕಾರ್ಖಾನೆಗಳು ಸಾವಿನ ರಜೆಯನ್ನು ಒಂದೂವರೆ ದಿನ ಮಾಡಿದವು. ಎದೆ ಬಡಿದುಕೊಂಡು ಅಳುವ ಹಳೇ ಮುದುಕಿಯರನ್ನು ಹುಡುಗರು ಮೊಬೈಲಿನಲ್ಲಿ ಹಿಡಿದು ನಗುತ್ತಿದ್ದರು.

ಬೋರೇಶ ತೆಗೆದುಕೊಂಡು ಹನ್ನೊಂದು ತಿಂಗಳಾಗಿತ್ತು. ಮಗಳು ಸಿರಿ ಡೆಂಗಿಯಲ್ಲಿ ಹೋದಳು, ಒಂದೂವರೆ ವರ್ಷದವಳು. ಕಿಟಕಿಯ ಮುಂದೆ ಅವನು ಮೂಗು ಎತ್ತಿದ. ಹೆಂಡತಿ ಭಾಗೀರಥಿ ನರ್ಸಿನ ಕೈ ತಳ್ಳಿದಳು. ನಾಲ್ಕನೇ ದಿನ ಅವನು ಕೆಲಸಕ್ಕೆ ಹೋದ. ಅವಳು ಎರಡು ತಿಂಗಳು ಹೋಗಲಿಲ್ಲ.

ಈಗ ಅವಳು ಏಳು ತಿಂಗಳ ಬಸುರಿ. ಗಾರ್ಮೆಂಟ್ಸಿನಲ್ಲಿ ಮಕ್ಕಳ ಫ್ರಾಕಿನ ಲೈನು. ಎರಡು ವರ್ಷದ ಅಳತೆ ಬಂದರೆ ಗಂಟೆಗೆ ನಲವತ್ತು ಹೊಲಿಯುತ್ತಾಳೆ, ಹದಿನೆಂಟು ತಿಂಗಳ ಅಳತೆ ಬಂದರೆ ಇಪ್ಪತ್ತೆರಡು. ಇದು ಮೆಷೀನಿನ ಪರದೆಯಲ್ಲೇ ಕಾಣುತ್ತಿತ್ತು.

“ಸೂಪರ್ವೈಸರು ಇವತ್ತು ಮತ್ತೆ ಅಂದ,” ಎಂದಳು ಸೋಮವಾರ ಸಂಜೆ, ಚೀಲ ಕೆಳಗಿಡುತ್ತ. “ನಿರಾಳ ಹಾಕ್ಕಂಡು ಬಾರಮ್ಮ, ಇಲ್ಲಾಂದ್ರೆ ಹೆರಿಗೆ ಆದ್ಮೇಲೆ ಈ ಕಡೀಗೆ ಬರ್ಲೇಬ್ಯಾಡ ಅಂತ.”

“ಸರಿಯಾಗೇ ಅಂದವ್ನೆ.”

“ನಿಂಗೆ ಯಾವ್ದು ತಾನೇ ಸರಿಯಾಗಿ ಕಾಣಲ್ಲ, ಬಿಡು.” ಅವಳು ಅವನ ಸೋದರತ್ತೆಯ ಮಗಳು. ಚಿಕ್ಕಂದಿನಿಂದ ಏಕವಚನ. “ಒಂದು ಕೇಳ್ಲಾ? ಸಿರಿ ಮುಖ ನೆಪ್ಪೈತಾ ನಿಂಗೆ?”

“ಐತೆ. ಎಡಗೆನ್ನೆ ಮೇಲೆ ಮಚ್ಚೆ. ಮುಂದ್ಲ ಹಲ್ಲು ನಾಕು.”

“ಅದು ಪೊಲೀಸ್ ಸ್ಟೇಷನ್ನಾಗೆ ಬರ್ಸೋದು ಕಣೋ.”

ಅವನು ಅನ್ನ ಕಲಸಿದ. ಅವಳು ಹೇಳಿದ್ದು ತಪ್ಪಲ್ಲ ಅನ್ನಿಸಿತು.

“ನಮ್ ಕೂಸಿನ ಮನೆ ಆಯಾ ಅವ್ಳಲ್ಲ, ಹನುಮಕ್ಕ,” ಎಂದಳು ಸಾರು ಬಡಿಸುತ್ತ. ಕೂಸಿನ ಮನೆ ಎಂದರೆ ಕಾರ್ಖಾನೆಯಲ್ಲಿ ಕೆಲಸದ ಹೆಂಗಸರು ಎಳೆಮಕ್ಕಳನ್ನು ಬಿಡುವ ಕೋಣೆ. “ಅವಳು ಹೇಳ್ತಾಳೆ, ಈಗೀಗ ತಾಯಂದ್ರು ಬಂದು ಮಗೀನ ಕೈಯಾಗೆ ಕಟ್ಟಿರೋ ಚೀಟಿ ಓದಿ ಎತ್ಕಂತಾರಂತೆ. ಮುಂಚೆ ಬಾಗ್ಲಾಗೆ ನಿಂತಾಗ್ಲೇ ಯಾರ್ದು ಅಳ್ತೈತೆ ಅಂತ ಗೊತ್ತಾಗ್ತಿತ್ತಂತೆ.”

“ಗಲಾಟೆ ಜಾಸ್ತಿ ಇರ್ತೈತೆ ಅಲ್ಲಿ.”

“ಇರ್ಬೋದು.” ಅವಳು ತಟ್ಟೆ ಎತ್ತಿದಳು. “ಆಗ್ಲಿ, ಗುರುವಾರ ಹೋಗಾನ. ನಂಗೂ ಸಾಕಾಗೈತೆ. ನಿನ್ನಂಗೇ ಇರ್ತೀನಿ. ಇಬ್ರೂ ಒಂದೇ ಥರ ಇದ್ರೆ ಜಗಳಾನಾದ್ರೂ ಇರಲ್ಲ.”

ಹನ್ನೊಂದು ತಿಂಗಳಿಂದ ಅವನು ಹೇಳುತ್ತಿದ್ದದ್ದೂ ಇದನ್ನೇ. ಸರಿ ಅಂದ.

ಮಂಗಳವಾರ ಅವನು ಎರಡನೇ ಆವರಣ ತೊಳೆಯುತ್ತಿದ್ದ. ಅಲ್ಲಿ ಕೆ-೧೪ ಇದ್ದಳು. ಅವಳ ಬಾಲ ಸೊಟ್ಟ, ಹಾಗಾಗಿ ಅವನು ಸೊಟ್ಟಬಾಲ ಎನ್ನುತ್ತಿದ್ದ. ಹೋದ ವರ್ಷ ಮರಿ ಸತ್ತು, ಔಷಧ ಹಾಕಿ, ಕಡತ ಮುಗಿದವಳು. ಈ ಸಲ ಹೆತ್ತು ಮೂರು ವಾರವಾಗಿತ್ತು. ಮರಿ ಹೇಗೋ ಜಾರಿ ನೀರಿನ ತೊಟ್ಟಿಯ ಹಿಂದೆ ಸಿಕ್ಕಿಹಾಕಿಕೊಂಡು ಊ, ಊ ಎಂದು ಕೂಗುತ್ತಿತ್ತು. ಕಳೆದುಹೋದ ಮರಿ ತಾಯಿಯನ್ನು ಕರೆಯುವ ಸ್ವರ ಅದು. ಆ ಸ್ವರಕ್ಕೆ ತಾಯಿ ಬಾಯಲ್ಲಿರುವ ಕಾಳನ್ನೂ ಉಗುಳಿ ಓಡುತ್ತಾಳೆ. ಸೊಟ್ಟಬಾಲ ನಾಲ್ಕು ಮಾರು ದೂರದಲ್ಲಿ ಕೂತು ಕಡಲೆ ಸುಲಿಯುತ್ತಿದ್ದಳು.

ಬೋರೇಶ ನೀರಿನ ಪೈಪು ನಿಲ್ಲಿಸಿದ. ಅವಳಿಗೆ ಹಾಳೆ ಇರಲಿಲ್ಲ. ಹಳೆಯ ಹಾಳೆಯೊಂದರ ಹಿಂಬದಿ ತಿರುಗಿಸಿ, ಕಿವಿಗೆ ಬೀಪ್ ಹಾಕಿಕೊಂಡು ಹತ್ತು ನಿಮಿಷ ನಿಂತ. ಇಪ್ಪತ್ತು ಬೀಪು. ಮರಿಯ ಕಡೆ ಇಪ್ಪತ್ತು ಸಲವೂ ‘ಕೂಗುತ್ತಿದೆ’. ತಾಯಿಯ ಕಡೆ ‘ತಿನ್ನುತ್ತಿದೆ’ ಹದಿನಾಲ್ಕು, ‘ಕೂತಿದೆ’ ಆರು. ಕೊನೆಗೆ ಈ ವರ್ಷ ಮರಿಯೇ ಇಲ್ಲದ ಮುದಿ ಹೆಣ್ಣೊಂದು ಬಂದು ಅದನ್ನು ಎಳೆದುಕೊಂಡು ಸೊಟ್ಟಬಾಲಳ ಮುಂದೆ ತಂದು ಹಾಕಿತು. ಮರಿ ಹೊಟ್ಟೆಗೆ ಅಂಟಿಕೊಂಡಿತು. ತಾಯಿ ಹಾಲು ಕೊಟ್ಟಳು. ಅಂಟಿಕೊಂಡಿರುವ ಮರಿ ಅವಳಿಗಿತ್ತು. ದೂರ ಹೋದ ಮರಿ ಮಾತ್ರ ಇರಲಿಲ್ಲ. ಇಷ್ಟು ದಿನ ಇದು ಯಾರ ಕಣ್ಣಿಗೂ ಬೀಳದ್ದು ಅದಕ್ಕೇ ಇರಬೇಕು.

ಧ್ವನಿ ಮುದ್ರಣದ ಕೆಲಸ ಜಬೀವುಲ್ಲಾನದು. ಅವನು ಹಾಳೆ ನೋಡಿ ನಕ್ಕ.

“ಅರೆ ಬೋರೇಶಣ್ಣ, ಫೈಲ್ ಕ್ಲೋಸ್ ಆಗಿರೋ ಕೋತೀನ ಯಾಕ್ ನೋಡ್ತೀಯ? ಪ್ರಮೋಷನ್ ಬೇಕಾ? ಕಿವುಡು ಇರ್ಬೇಕು ಬಿಡು.”

“ಕಡಲೆ ಬಕೀಟು ಸದ್ದಾದ್ರೆ ಮೊದ್ಲು ಬರಾಳೇ ಅವ್ಳು.”

ಜಬಿ ನಗು ನಿಲ್ಲಿಸಿದ. “ಹಂಗಾದ್ರೆ ಹಾಕಿ ನೋಡೋಣ.”

ಅವತ್ತು ಮಧ್ಯಾಹ್ನವೇ ತಗಡಿನ ಹಿಂದೆ ಸ್ಪೀಕರಿಟ್ಟು ಒಂದೊಂದು ತಾಯಿಗೂ ಮೊದಲೇ ಮುದ್ರಿಸಿಟ್ಟಿದ್ದ ಅವಳದೇ ಮರಿಯ ಕೂಗನ್ನು ಕೇಳಿಸಿದರು. ಔಷಧ ಕಾಣದ ಹತ್ತು ತಾಯಂದಿರಲ್ಲಿ ಹತ್ತೂ ಒಂದು ಸೆಕೆಂಡಿನೊಳಗೆ ತಲೆ ತಿರುಗಿಸಿದವು. ಔಷಧ ಪಡೆದು ಮತ್ತೆ ಹೆತ್ತವರು ಆರು. ಆರೂ ತಿರುಗಲಿಲ್ಲ. ಅದೇ ಸ್ಪೀಕರಿನಲ್ಲಿ ಬಕೀಟಿನ ಸದ್ದು ಹಾಕಿದಾಗ ಆರೂ ಎದ್ದು ಬಂದವು.

ಡಾಕ್ಟರ್ ಮಂದಾಕಿನಿ ಕೇಂದ್ರದ ಮುಖ್ಯಸ್ಥೆ, ಧಾರವಾಡದ ಕಡೆಯವರು. ಅಂಕಿಗಳನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ಆ ಹಾಳಿ ಮಾಡಿದಾಕಿ ನಾನ,” ಎಂದರು. “‘ಬಿಟ್ಟಳು’ ಆದಮ್ಯಾಲೆ ಇನ್ನೊಂದು ಸಾಲು ಇಡಬೇಕಾಗಿತ್ತು. ನಮಗ ಬೇಕಾದ್ದು ಸಿಕ್ಕ ಕೂಡ್ಲೆ ನೋಡೋದು ಬಿಟ್ವಿ.”

ಹಾಳೆಯನ್ನು ಬೋರೇಶನ ಕಡೆ ಸರಿಸಿದರು.

“ನಾನೂ ತಗೊಂಡೀನಪಾ. ನಮ್ಮವ್ವ ತೀರಿದಾಗ. ಈಗ ನನಗ ಗಾಬರಿ ಆಗಬೇಕು ಅಂತ ಗೊತ್ತಾಗತೈತಿ. ಆಗವಲ್ದು.” ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ಸಮಿತಿಗೆ ಬರೀತೀನಿ. ಆರು ಸಾಲಂಗಿಲ್ಲ, ಇನ್ನೂ ಇಪ್ಪತ್ತು ನೋಡ್ರಿ ಅಂತಾರ. ವರ್ಷ ಹಿಡೀತೈತಿ. ಅಲ್ಲೀತನಕ ಹೊರಗ ಬಾಯಿ ಬಿಡಬ್ಯಾಡ. ಕೆಲಸಕ್ಕ ಸೇರುವಾಗ ಸಹಿ ಮಾಡೀಯಲ್ಲ?”

“ಮಾಡೀನಿ ಮೇಡಂ.”

ಬುಧವಾರ ಅವನಿಗೆ ವಾರದ ರಜೆ. ಭಾಗೀರಥಿಗೆ ಅವತ್ತು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಅವನು ನಡುಮನೆಯಲ್ಲಿ ಅವಳು ಕಾಣುವಂತೆ ಕೂತು ಯೋಚಿಸಿದ. ಹೇಳಿದರೆ ಅವಳು ನಾಳೆ ಹೋಗುವುದಿಲ್ಲ, ಅವಳ ಕೆಲಸ ಹೋಗುತ್ತದೆ. ಮಾತು ಹೊರಗೆ ಬಿದ್ದರೆ ತನ್ನದೂ ಹೋಗಬಹುದು. ಹೇಳದಿದ್ದರೆ ಅವಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಆ ಆರು ಕೋತಿಗಳ ಮರಿಗಳೇನೂ ಸತ್ತಿಲ್ಲ. ಆದರೆ ಕೋತಿಯ ಮರಿಗೆ ಹುಟ್ಟುತ್ತಲೇ ಅಂಟಿಕೊಳ್ಳಲು ಬರುತ್ತದೆ. ಮನುಷ್ಯರ ಮಗುವಿಗೆ ಬರುವುದಿಲ್ಲ. ಅದು ಇಟ್ಟಲ್ಲೇ ಇರುತ್ತದೆ. ಕೂಗುವುದೊಂದೇ ಅದಕ್ಕೆ ಗೊತ್ತಿರುವುದು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಸಾಕಿತ್ತು. ಬೋರೇಶನಿಗೆ ಇದೂ ಒಂದು ಅಂಕಿಯಂತೆ ಕಂಡಿತು. ಅಂಕಿ ಸಾಲದಿದ್ದರೆ ಇನ್ನೊಂದು ತೆಗೆದುಕೊಳ್ಳಬೇಕು. ಮೊಬೈಲು ತೆಗೆದು ಸಿರಿಯ ಹಳೆಯ ವಿಡಿಯೊ ಹುಡುಕಿದ. ಮೊದಲ ಸಲ ಮುಡಿ ತೆಗೆಸಿದ ದಿನದ್ದು, ಬಾಯಿ ದೊಡ್ಡದು ಮಾಡಿ ಅಳುತ್ತಿದ್ದಳು. ಮೊಬೈಲನ್ನು ಬಾಗಿಲ ಹಿಂದೆ ಬೋರಲಾಗಿಟ್ಟು ಗುಂಡಿ ಒತ್ತಿ, ಕೈಗಡಿಯಾರದ ಸ್ಟಾಪ್‌ವಾಚನ್ನೂ ಒತ್ತಿದ.

ಪಾತ್ರೆ ಬಿತ್ತು. ಅಕ್ಕಿ ನೆಲವೆಲ್ಲ ಹರಡಿತು. ಭಾಗೀರಥಿ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಎಡಗೈ ಮುಂದೆ ಚಾಚಿತ್ತು, ಏನನ್ನೋ ಎತ್ತಿಕೊಳ್ಳುವವಳಂತೆ. ಅವಳು ತಲೆ ತಿರುಗಿಸಿದ್ದು ಸೊನ್ನೆ ಪಾಯಿಂಟ್ ಎಂಟು ಸೆಕೆಂಡಿಗೆ.

ಬಾಗಿಲ ಹಿಂದೆ ಮೊಬೈಲು ಕಂಡ ಮೇಲೆ ಅವಳು ಕೈ ಕೆಳಗಿಳಿಸಿದಳು.

“ಏನೋ ಮಾಡ್ತಿದೀಯ ನೀನು?”

ಅವನು ಹೇಳಿದ. ಸೊಟ್ಟಬಾಲ, ಇಪ್ಪತ್ತು ಬೀಪು, ಆರು ತಾಯಂದಿರು, ಬಕೀಟು. ಹಾಳೆ ಓದುವಂತೆ ಓದಿದ. ಅವಳು ಗೋಡೆಗೆ ಒರಗಿ ಕೂತಳು.

“ನಿಂಗೆ?” ಎಂದಳು. “ಈಗ ಅದು ಅಳ್ತಲ್ಲ. ನಿಂಗೆ ಏನಾಯ್ತು?”

“ಕೇಳುಸ್ತು.”

“ಕೇಳುಸ್ತು ಅಂದ್ರೆ?”

ಅವನು ಸರಿಯಾದ ಮಾತು ಹುಡುಕಿದ. “ಪಕ್ಕದ್ಮನೆ ಕುಕ್ಕರ್ ಕೂಗ್ದಂಗೆ. ಯಾರೋ ನೋಡ್ಕಂತಾರೆ ಅನ್ನಂಗೆ.”

ಅವಳು ಬಗ್ಗಲಾಗದೆ ಬಗ್ಗಿ ಅಕ್ಕಿ ಗೋರತೊಡಗಿದಳು. ಅವನೂ ಗೋರಿದ.

“ತಗೋ ತಗೋ ಅಂತ ಹನ್ನೊಂದು ತಿಂಗ್ಳು ಬಡ್ಕಂಡ್ಯಲ್ಲೋ.”

“ಹೂಂ.”

“ಈಗ ಬ್ಯಾಡ ಅಂತೀಯ.”

“ನಾನೇನೂ ಅಂತಿಲ್ಲ. ನಿಂದು ಸೊನ್ನೆ ಪಾಯಿಂಟ್ ಎಂಟು. ತಗಂಡ್ರೆ ಅದು ಹೋಗ್ತೈತೆ. ಅಷ್ಟೇ ಗೊತ್ತಿರೋದು.”

“ಹುಟ್ಟೋ ಮಗೀಗೆ ಇಬ್ರಾಗೆ ಒಬ್ರಿಗಾದ್ರೂ ಕೇಳುಸ್ಬೇಕಲ್ಲ,” ಎಂದಳು. ಅವಳು ಅಳುತ್ತಿದ್ದಳು. ಅದು ಅವನಿಗೆ ಕಂಡಿತು.

ಗುರುವಾರ ಅವಳು ಆಸ್ಪತ್ರೆಯ ಕಿಟಕಿಯ ಬಳಿ ಹೋಗಲಿಲ್ಲ. ಕಾರ್ಖಾನೆಯಲ್ಲಿ ಹನುಮಕ್ಕನಿಗೆ ಹೇಳಿದಳು, ಹನುಮಕ್ಕ ಇಡೀ ಲೈನಿಗೆ ಹೇಳಿದಳು. ಮೂರು ನಾಲ್ಕು ಹೆಂಗಸರು ಔಷಧ ಬೇಡವೆಂದರು. ಉಳಿದವರು ಆಗಲೇ ತೆಗೆದುಕೊಂಡಿದ್ದರು. ಮಾತು ಸುತ್ತಿ ಕೇಂದ್ರಕ್ಕೂ ಬಂತು. ಮಂದಾಕಿನಿ ಬೋರೇಶನನ್ನು ಕರೆದು, ನೀನ ಹೇಳಿದ್ಯಾ ಎಂದು ಕೇಳಿದರು, ಹೌದೆಂದ. ಅವನಿಗೊಂದು ನೋಟಿಸು ಬಂತು. ಅಷ್ಟರ ಮೇಲೆ ಏನೂ ಆಗಲಿಲ್ಲ. ಆವರಣ ತೊಳೆಯಲು ಬೇರೆ ಜನ ಸಿಕ್ಕಿರಲಿಲ್ಲ. ಸಮಿತಿ ಇನ್ನೂ ಇಪ್ಪತ್ತು ಕೋತಿ ಕೇಳಿತು. ಕಿಟಕಿ ತೆರೆದೇ ಇತ್ತು.

ಗಂಡುಮಗು ಹುಟ್ಟಿತು. ಪಾಲಾಕ್ಷ ಎಂದು ಹೆಸರಿಟ್ಟರು. ಗಾರ್ಮೆಂಟ್ಸಿನವರು ಹೇಳಿದಂತೆ ಭಾಗೀರಥಿಯನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಎರಡು ತಿಂಗಳಾದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುವ ಅಂಗಡಿಯಲ್ಲಿ ಹತ್ತರಿಂದ ಎರಡರವರೆಗೆ ಕೆಲಸ ಹಿಡಿದಳು. ಬೋರೇಶ ಮುಂಜಾನೆಯ ಪಾಳಿಗೆ ಬದಲಾಯಿಸಿಕೊಂಡ. ಹತ್ತರಿಂದ ಎರಡರವರೆಗೆ ಮಗು ಅವನ ಪಾಲು.

ಮೊದಲ ದಿನ ಅವಳು ಮನೆಗೆ ಬಂದಾಗ ಮಗುವಿನ ಗಂಟಲು ಕಟ್ಟಿಹೋಗಿತ್ತು. ಮುಖ ನೀಲಿಗಟ್ಟಿತ್ತು. ಬೋರೇಶ ಪಕ್ಕದಲ್ಲೇ ಕೂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

“ಯಾವಾಗ್ನಿಂದ ಅಳ್ತೈತೆ?”

“ಹನ್ನೆರಡೂವರೆಯಿಂದ,” ಎಂದ. ಸಮಯದಲ್ಲಿ ಅವನದು ತಪ್ಪಿರಲಿಲ್ಲ.

ಅವಳು ಬೈಯಲಿಲ್ಲ. ಮಗುವನ್ನು ಎದೆಗೆ ಹಾಕಿಕೊಂಡು, ಅದು ಕುಡಿಯಲೂ ಶಕ್ತಿಯಿಲ್ಲದೆ ಬಿಕ್ಕುವುದನ್ನು ನೋಡುತ್ತ ಕೂತಳು. ಮಗು ಮಲಗಿದ ಮೇಲೆ ಕೇಳಿದಳು:

“ಆ ಬೀಪ್ ಡಬ್ಬಿ ಮನೀಗೆ ತರಕ್ಕಾಗ್ತೈತಾ?”

ತಂದ. ಕಿವಿಯ ತಂತಿ ಕಿತ್ತು ಹಾಕು ಎಂದಳು ಅವಳು. ಡಬ್ಬಿ ನಡೆಯುತ್ತಿದೆಯೋ ಇಲ್ಲವೋ ತನಗೆ ಬಾಗಿಲಿಂದಲೇ ಕೇಳಿಸಬೇಕು. ಗೋಡೆಗೆ ಹಾಳೆ ಅಂಟಿಸಿದರು. ಎಡಗಡೆ ಅವನ ಕೈಬರಹ: ಮಲಗಿದೆ, ಎಚ್ಚರವಿದೆ, ಅಳುತ್ತಿದೆ. ಬಲಗಡೆ ಅವಳದು. ‘ಅಳ್ತಿದ್ರೆ: ಮೊದ್ಲು ಎತ್ಕೊ. ಆಮೇಲೆ ಯಾಕೆ ಅಂತ ನೋಡು. ಎಚ್ಚರ ಇದ್ರೆ: ನಗು.’

ಅಲ್ಲಿಂದ ಅವನು ತಪ್ಪಲಿಲ್ಲ. ಮೂವತ್ತು ಸೆಕೆಂಡಿಗೊಮ್ಮೆ ತಲೆ ಎತ್ತಿ ತೊಟ್ಟಿಲು ನೋಡುವುದು, ಗುರುತು ಹಾಕುವುದು, ಬಲಗಡೆ ಬರೆದಂತೆ ಮಾಡುವುದು. ಗಂಟೆಗೆ ನೂರಿಪ್ಪತ್ತು ಸಲ. ನಗುವುದು ಮೊದಮೊದಲು ಕಷ್ಟವಾಯಿತು. ಬಾಯಿಯ ಎರಡೂ ತುದಿ ಎತ್ತಬೇಕು, ಕಣ್ಣು ಸ್ವಲ್ಪ ಕಿರಿದು ಮಾಡಬೇಕು. ಯಾವ ತಂದೆಯೂ ಇಷ್ಟು ಸಲ ಮಗುವಿನ ಮುಖ ನೋಡಿರಲಾರ ಎಂದು ಪಕ್ಕದ ಮನೆಯವರು ಹೊಗಳಿದರು. ಭಾಗೀರಥಿ ತುಂಬಿದ ಹಾಳೆ ತೆಗೆದು ಹೊಸದು ಅಂಟಿಸಿದಳು.

ಮಗುವಿಗೆ ಆರು ತಿಂಗಳು ತುಂಬಿದ ವಾರ ಒಂದು ಮಧ್ಯಾಹ್ನ ಅವನು ಹುರುಳಿಕಾಯಿ ನಾರು ತೆಗೆಯುತ್ತಿದ್ದ. ಬೀಪ್. ತಲೆ ಎತ್ತಿದ. ಚಾಪೆಯ ಮೇಲೆ ಮಲಗಿದ್ದ ಮಗು ಅವನನ್ನೇ ನೋಡುತ್ತಿತ್ತು. ನಕ್ಕ, ಗುರುತು ಹಾಕಿದ. ಮುಂದಿನ ಬೀಪಿಗೂ ನೋಡುತ್ತಿತ್ತು. ಅದರ ಮುಂದಿನದಕ್ಕೂ. ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದರೂ ಬೀಪ್ ಎಂದ ಕೂಡಲೇ ಕತ್ತು ಅವನ ಕಡೆ ಹೊರಳುತ್ತಿತ್ತು, ಅವನಿಗಿಂತ ಮೊದಲೇ. ಒಂದು ಸೆಕೆಂಡಿಗೂ ಕಡಿಮೆ.

ಜೇಬಿನಲ್ಲಿ ಡಬ್ಬಿಯಿಟ್ಟುಕೊಂಡು ಕೂತಿದ್ದ ಆ ಹೊಸಬನ ನೆನಪಾಯಿತು. ಪರೀಕ್ಷಿಸಬೇಕೆನ್ನಿಸಿ ಬೋರೇಶ ಡಬ್ಬಿಯನ್ನು ಬಂದ್ ಮಾಡಿದ. ಹುರುಳಿಕಾಯಿ ಕೈಯಲ್ಲೇ ಇಟ್ಟುಕೊಂಡು ಕೂತ. ಮನೆ ಸದ್ದಿಲ್ಲದೆ ಇತ್ತು. ಮಗು ತನ್ನ ಕಾಲ್ಬೆರಳು ಹಿಡಿಯಲು ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಬೆರಳು ಬಿಟ್ಟು ಅವನ ಕಡೆ ತಿರುಗಿ ಕಾಯಿತು. ಬೀಪ್ ಇಲ್ಲ. ಕೆಳತುಟಿ ಮುಂದೆ ಬಂದು ನಡುಗತೊಡಗಿತು.

ಬೀಪ್ ಆಗದೆ ಇದನ್ನು ತಾನು ಕಂಡದ್ದು ಹೇಗೆ ಎಂಬ ಪ್ರಶ್ನೆ ಆಮೇಲೆ ಹೊಳೆಯಿತು. ಬಂದ್ ಮಾಡಿದಾಗಿನಿಂದಲೂ ಅವನು ನೋಡುತ್ತಲೇ ಇದ್ದ. ಪರೀಕ್ಷೆ ಅಂದ ಮೇಲೆ ನೋಡಲೇಬೇಕಲ್ಲ. ಅಥವಾ ನಾಲ್ಕು ತಿಂಗಳ ಅಭ್ಯಾಸವಿರಬಹುದು, ಕೋತಿಗಳೂ ಹೀಗೇ ಕಲಿಯುತ್ತವೆ. ಎದೆಯೊಳಗೆ ಏನಾದರೂ ಇದೆಯೋ ಎಂದು ಹುಡುಕಿದ. ಏನೂ ಇರಲಿಲ್ಲ.

ಕೇಂದ್ರದಲ್ಲಾಗಿದ್ದರೆ ಈ ಹಾಳೆಗಳನ್ನೆಲ್ಲ ಹರಿದು ಹಾಕಬೇಕಿತ್ತು. ಅವನು ಹುರುಳಿಕಾಯಿ ಕೆಳಗಿಟ್ಟು, ಕೈ ಒರೆಸಿಕೊಂಡು ಮಗುವನ್ನು ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಡಬ್ಬಿಯನ್ನು ಮತ್ತೆ ಚಾಲೂ ಮಾಡಿದ. ಮಗು ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದು, ಮುಂದಿನ ಬೀಪಿಗೆ ಅವನ ಮುಖವನ್ನೇ ನೋಡುತ್ತ ಕಾಯಿತು.